ತಾತನ ಜೀಪು, ಕರಗಿದ ಬೆಲ್ಟು, 612 ಕಿಲೋಹರ್ಟ್ಸ್

ಮಧುಗಿರಿಯಿಂದ ಪಾವಗಡಕ್ಕೆ ಹೋಗೋ ರಸ್ತೆಯಲ್ಲಿ ಮಿಡಿಗೇಶಿಗೆ ಮುಂಚೆ ಒಂದು ಹಳ್ಳಿ ಇದೆ. ನಮ್ಮಲ್ಲೊಬ್ಬನ ಅಜ್ಜಿ ಮನೆ ಅಲ್ಲಿ. ಮನೆ ಹಿಂದೆ ಹುಣಸೆಮರ, ಮರದ ಕೆಳಗೆ ಅವನ ತಾತನ ಮಹೀಂದ್ರ ಎಂಎಂ 540 ಜೀಪು. ತಾತ ಈಗಿಲ್ಲ. ಜೀಪು ಮಾತ್ರ ಕಡಲೆಕಾಯಿ ಸುಗ್ಗಿಗೆ ಮೂಟೆ ಹೊರೋದಕ್ಕೆ ಇನ್ನೂ ಸ್ಟಾರ್ಟ್ ಆಗುತ್ತೆ. ಡ್ಯಾಶ್‌ಬೋರ್ಡಿನ ಕೆಳಗೆ ಒಂದು ತಗಡಿನ ಪಟ್ಟಿಗೆ ನೇತುಹಾಕಿದ ಹಳೇ ಕ್ಯಾಸೆಟ್ ಡೆಕ್ಕು ಮಾತ್ರ ಎಷ್ಟೋ ವರ್ಷಗಳಿಂದ ಸತ್ತಿತ್ತು.

ಸೆಮಿಸ್ಟರ್ ರಜೆಯಲ್ಲಿ ಅಲ್ಲಿಗೆ ಹೋದೆವು. ನಾವು ನಾಲ್ವರು, ಊರು ನಾಲ್ಕು: ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ಮೊದಲ ಪ್ಲಾನ್ ಸುಲಭದ್ದಾಗಿತ್ತು. ಹಳೇ ಡೆಕ್ಕು ಕಿತ್ತು ಬಿಸಾಕೋದು, ಬ್ಲೂಟೂತ್ ಇರೋ ಹೊಸ ಸೆಟ್ ಹಾಕೋದು, ಸಂಜೆ ಹೊತ್ತಿಗೆ ರೀಲ್ಸ್. ಅಜ್ಜಿ ಒಳಗಿನಿಂದ ಒಂದು ಕ್ಯಾಸೆಟ್ ತಂದು ಕೈಗೆ ಕೊಟ್ಟರು. "ಇದನ್ನ ಹಾಕೋಕಾಗೋದಾದ್ರೆ ರಿಪೇರಿ ಮಾಡ್ರಪ್ಪ. ಇಲ್ದಿದ್ರೆ ಸುಮ್ನೆ ಬಿಡ್ರಿ." ತಾತ ಮೂಡಲಪಾಯದ ಭಾಗವತರು. ಊರ ಜಾತ್ರೆಯಲ್ಲಿ ಯಾರೋ ಟೂ ಇನ್ ಒನ್ ಇಟ್ಟು ರೆಕಾರ್ಡ್ ಮಾಡಿದ ಆಟ ಅದು. ತಾತನ ದನಿ ಇರೋದು ಆ ಒಂದೇ ಕ್ಯಾಸೆಟ್‌ನಲ್ಲಿ, ಕಾಪಿ ಇಲ್ಲ. ಹಾಗಾಗಿ ಕೆಲಸ ಎರಡಾಯ್ತು: ಹಳೇದನ್ನ ಬದುಕಿಸೋದು, ಅದರ ಜೊತೆಗೆ ಹೊಸದನ್ನ ಸೇರಿಸೋದು.

ಮೊದಲು ಕರೆಂಟಿನ ವಿಷಯ. (ವೋಲ್ಟೇಜ್‌ಗೆ ಕನ್ನಡದಲ್ಲಿ ವಿಭವಾಂತರ ಅಂತಾರೆ ಅಂತ ಕ್ಲಬ್ಬಿನ ಸೀನಿಯರ್ ಒಬ್ಬರು ಹೇಳಿದರು. ಮಧುಗಿರಿಯ ಆಟೋ ಎಲೆಕ್ಟ್ರಿಷಿಯನ್ ಅಣ್ಣನ ಹತ್ತಿರ ಆ ಪದ ಬಳಸಿ ನೋಡಿದೆವು. ಅವರು ನಮಗೆ ಟೀ ಕುಡಿಸಿ ಕಳಿಸಿದರು.) ಡೆಕ್ಕಿನ ವೈರ್ ಬಿಚ್ಚಿ ಮಲ್ಟಿಮೀಟರ್ ಇಟ್ಟರೆ 12.5 ವೋಲ್ಟ್. ಸರಿ ಇದೆಯಲ್ಲ ಅಂದುಕೊಂಡೆವು. ಅಲ್ಲೇ ನಾವು ತಪ್ಪಿದ್ದು. ಮೀಟರ್ ಎಳೆಯೋ ಕರೆಂಟ್ ಏನೇನೂ ಅಲ್ಲ. ಕರೆಂಟ್ ಹರಿಯದಿದ್ದರೆ ಎಂಥ ಕೆಟ್ಟ ವೈರೂ ಒಳ್ಳೇ ವೈರಿನ ಥರಾನೇ ಕಾಣುತ್ತೆ. 3 ಆಂಪ್ ಎಳೆಯೋ ಬಲ್ಬ್ ಸಿಕ್ಕಿಸಿ ಮತ್ತೆ ನೋಡಿದರೆ 10.9. ಹಾಗಾದರೆ 1.6 ವೋಲ್ಟ್ ಹೋಯ್ತೆಲ್ಲಿಗೆ?

ಈ ಲೆಕ್ಕ ಮೊದಲ ವರ್ಷದವರೂ ಮಾಡಬಹುದು. ಹಿಂದೆ ಯಾರೋ ಹಾಕಿದ್ದ ಪಾಸಿಟಿವ್ ವೈರು ಅರ್ಧ ಚದರ ಮಿಲಿಮೀಟರಿಂದು. ಅಷ್ಟು ಸಣ್ಣ ತಾಮ್ರಕ್ಕೆ ಮೀಟರಿಗೆ ಸುಮಾರು 34 ಮಿಲಿ ಓಮ್. 4 ಮೀಟರಿಗೆ 0.14 ಓಮ್, 3 ಆಂಪ್‌ನಲ್ಲಿ 0.4 ವೋಲ್ಟ್. ಉಳಿದ 1.2 ವೋಲ್ಟ್ ಹುಡುಕೋಕೆ ಮೀಟರಿನ ಒಂದು ಕಡ್ಡಿ ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದನ್ನ ಡೆಕ್ಕಿನ ಮೈಗೆ ಇಟ್ಟೆವು. ಸೊನ್ನೆ ಬರಬೇಕಿದ್ದಲ್ಲಿ ಬಂತು 1.2. ನೆಗೆಟಿವ್‌ಗೆ ಬೇರೆ ವೈರೇ ಇರಲಿಲ್ಲ, ಎಲ್ಲಾ 'ಬಾಡಿ ಅರ್ತ್'. ಆ ಬಾಡಿಯ ಬೋಲ್ಟು ತುಕ್ಕು ಹಿಡಿದು ಬಿಲ್ಲೆ ಆಗಿತ್ತು. ಹಳೇ ಜೀಪುಗಳಲ್ಲಿ "ಸೆಟ್ ಹೋಗಿದೆ" ಅನ್ನೋ ಕಾಯಿಲೆ ಬಹುಪಾಲು ಸೆಟ್ಟಿಂದಲ್ಲ, ಅರ್ತ್‌ದು ಅನ್ನೋದು ನಮ್ಮ ಅಭಿಪ್ರಾಯ.

ಇನ್ನೊಂದು ವಿಷಯ ನೋಡಿ ನಿಜವಾಗಲೂ ಭಯ ಆಯ್ತು. ಫ್ಯೂಸ್ ಹೋಲ್ಡರ್ ಒಳಗೆ ಫ್ಯೂಸ್ ಬದಲು ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತಿಟ್ಟಿದ್ದರು. ಪಕ್ಕದಲ್ಲೇ ವೈರಿನ ತೊಗಲು ಸುಟ್ಟು ಕಪ್ಪಾಗಿತ್ತು. ಫ್ಯೂಸ್ ಇರೋದು ಸ್ಟೀರಿಯೋ ಕಾಪಾಡೋಕೆ ಅಂತ ನಾವೂ ಅಂದುಕೊಂಡಿದ್ದೆವು. ಅದು ಕಾಪಾಡೋದು ವೈರನ್ನ. ಲಾರಿ ಬ್ಯಾಟರಿಯಂಥದ್ದು ಶಾರ್ಟ್ ಆದರೆ ನೂರಾರು ಆಂಪ್ ಕೊಡುತ್ತೆ, ಸಣ್ಣ ವೈರು ಕೆಲವೇ ಸೆಕೆಂಡಲ್ಲಿ ಕೆಂಪಗಾಗುತ್ತೆ. ಅದಕ್ಕೇ ಫ್ಯೂಸ್ ಇರಬೇಕಾದ್ದು ಸೆಟ್ಟಿನ ಹಿಂದೆ ಅಲ್ಲ, ಬ್ಯಾಟರಿಯಿಂದ ಒಂದು ಗೇಣು ದೂರದಲ್ಲಿ. ಬ್ಯಾಟರಿಗೂ ಫ್ಯೂಸಿಗೂ ನಡುವೆ ಇರೋ ವೈರಿಗೆ ರಕ್ಷಣೆ ಇಲ್ಲವಲ್ಲ. ನಾವು 2.5 ಚದರ ಮಿ.ಮೀ. ವೈರು ಎಳೆದೆವು, ಪಾಸಿಟಿವ್ ಒಂದು, ನೆಗೆಟಿವ್ ಒಂದು, ಎರಡೂ ಬ್ಯಾಟರಿಯಿಂದಲೇ. 10 ಆಂಪ್ ಫ್ಯೂಸ್ ಹಾಕಿದೆವು. ತಗಡು ತೂರಿ ಹೋಗೋ ಕಡೆಯೆಲ್ಲಾ ರಬ್ಬರ್ ಬುಷ್. ಹೋಗಿ ಬರೋ 8 ಮೀಟರ್ ಸೇರಿಸಿದರೂ 56 ಮಿಲಿ ಓಮ್. 5 ಆಂಪ್ ಎಳೆದರೆ ಕಾಲು ವೋಲ್ಟಿಗಿಂತ ಸ್ವಲ್ಪ ಜಾಸ್ತಿ ಹೋಗುತ್ತೆ, ಅಷ್ಟೆ.

ಇನ್ನು ಡೆಕ್ಕು. ಮುಚ್ಚಳ ತೆಗೆದರೆ ಒಳಗೆ ಬೆಲ್ಟ್ ಇಲ್ಲ, ಕರಿ ಡಾಂಬರು ಇದೆ. ಹಳೇ ರಬ್ಬರ್ ಬೆಲ್ಟುಗಳು ವರ್ಷಗಟ್ಟಲೆ ಶಾಖದಲ್ಲಿ ಕೂತರೆ ಕರಗಿ ಹೀಗೇ ಅಂಟಾಗುತ್ತವೆ, ಮಧುಗಿರಿ ಕಡೆ ಬೇಸಿಗೆ ಹೇಗಿರುತ್ತೆ ಗೊತ್ತಲ್ಲ. ಆ ಅಂಟನ್ನ ಐಸೋಪ್ರೊಪೈಲ್ ಆಲ್ಕೋಹಾಲ್ ಮತ್ತು ಕಿವಿ ಕಡ್ಡಿಯಿಂದ ತೆಗೆಯೋಕೆ ಒಂದು ಇಡೀ ಮಧ್ಯಾಹ್ನ ಹಿಡಿಯಿತು. ಕೈಗೆ ಮೆತ್ತಿಕೊಂಡ ಕರಿ ಎರಡು ದಿನ ಹೋಗಲಿಲ್ಲ. ಹೊಸ ಬೆಲ್ಟು ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಕ್ಕಿತು. ಹಳೇದರ ಅಳತೆ ಇಲ್ಲದ್ದರಿಂದ ದಾರವನ್ನ ಪುಲ್ಲಿಗಳ ಸುತ್ತ ಸುತ್ತಿ ಅಳೆದು, ಶೇಕಡಾ 5ರಷ್ಟು ಗಿಡ್ಡದ್ದು ತಂದೆವು. ಪವರ್ ಲೈನಿನ ಎಲೆಕ್ಟ್ರೋಲೈಟಿಕ್ ಕೆಪಾಸಿಟರ್ ಉಬ್ಬಿತ್ತು, ಬದಲಾಯಿಸಿದೆವು. ಟೇಪನ್ನ ಒತ್ತಿ ಎಳೆಯೋ ಪಿಂಚ್ ರೋಲರ್ ಗಾಜಿನ ಹಾಗೆ ನುಣ್ಣಗಾಗಿತ್ತು, ಅದನ್ನ ಮರಳು ಕಾಗದದಲ್ಲಿ ಹಗೂರಕ್ಕೆ ಉಜ್ಜಿ ಒರೆಸಿದೆವು.

ದಯವಿಟ್ಟು ಇದೊಂದು ನೆನಪಿಟ್ಟುಕೊಳ್ಳಿ: ಬೇಕಾದ ಕ್ಯಾಸೆಟ್ಟನ್ನ ಮೊದಲು ಹಾಕಬೇಡಿ. ನಾವು ಟ್ರಯಲ್‌ಗೆ ದೊಡ್ಡಪ್ಪನ ಹಳೇ ಸಿನಿಮಾ ಹಾಡುಗಳ ಕ್ಯಾಸೆಟ್ ಹಾಕಿದೆವು. ಮೂವತ್ತು ಸೆಕೆಂಡಿಗೆ ಡೆಕ್ಕು ಅದನ್ನ ತಿಂದು ಹಾಕಿತು. ಟೇಪನ್ನ ಒಳಗೆ ಎಳೆಯೋ ಕ್ಯಾಪ್‌ಸ್ಟನ್ ತಿರುಗುತ್ತಿತ್ತು, ಆದರೆ ಬಂದ ಟೇಪನ್ನ ಸುತ್ತಿಕೊಳ್ಳಬೇಕಾದ ರೀಲಿನ ಹಲ್ಲಿನ ಚಕ್ರದಲ್ಲಿ ಅಂಟಿನ ಒಂದು ಚೂರು ಉಳಿದುಬಿಟ್ಟಿತ್ತು. ಸುತ್ತೋರಿಲ್ಲದ ಟೇಪು ರೋಲರಿಗೇ ಸುತ್ತಿಕೊಂಡಿತು. ಅದು ತಾತನ ಕ್ಯಾಸೆಟ್ ಆಗಿದ್ದಿದ್ದರೆ ಅಂತ ಯೋಚಿಸಿ ನಾಲ್ವರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಚಕ್ರ ತೊಳೆದು, ಇನ್ನೊಂದು ಹಾಡಿನ ಕ್ಯಾಸೆಟ್ ಎರಡು ಸಲ ಪೂರ್ತಿ ಓಡಿಸಿದ ಮೇಲೆ ಧೈರ್ಯ ಮಾಡಿ ಅಜ್ಜಿಯದನ್ನ ಹಾಕಿದೆವು. ಮೊದಲು ಮುಖವೀಣೆ, ಮದ್ದಳೆ, ಆಮೇಲೆ ಗಂಡಸಿನ ದನಿ. ನಾವು ಕುಣಿದುಬಿಟ್ಟೆವು. ಅಜ್ಜಿ ಒಂದು ನಿಮಿಷ ಕೇಳಿ ತಲೆ ಅಲ್ಲಾಡಿಸಿದರು. "ಇದು ನಿಮ್ ತಾತನ್ ಗಂಟ್ಲಲ್ಲ ಕಣ್ರಪ್ಪ. ಯಾವ್ನೋ ಹುಡುಗ ಹಾಡ್ದಂಗೈತೆ."

ಕ್ಯಾಸೆಟ್ ಬದಲಾಗಿದೆಯೇನೋ ಅಂದುಕೊಂಡೆವು. ಹಾಗಲ್ಲ, ಸ್ಪೀಡ್ ಬದಲಾಗಿತ್ತು. ಕ್ಯಾಸೆಟ್ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು. ಫಿಲಿಪ್ಸ್ ಕಂಪನಿ 1963ರಲ್ಲಿ ಕ್ಯಾಸೆಟ್ ತಂದಾಗಿನಿಂದ ಇದೇ ಅಳತೆ. ಅಳೆಯೋಕೆ ಲ್ಯಾಬ್ ಬೇಕಿಲ್ಲ. ಬೇಡದ ಕ್ಯಾಸೆಟ್‌ನ ಟೇಪ್ ಹೊರಗೆಳೆದು 142.8 ಸೆಂ.ಮೀ. ಅಂತರದಲ್ಲಿ ಮಾರ್ಕರಿನಿಂದ ಎರಡು ಗುರುತು ಹಾಕಿ. ಮೊದಲ ಗುರುತು ಹೆಡ್ ದಾಟಿದಾಗ ಸ್ಟಾಪ್‌ವಾಚ್ ಒತ್ತಿ. ಎರಡನೇದು ಸರಿಯಾಗಿ 30 ಸೆಕೆಂಡಿಗೆ ಬರಬೇಕು. ನಮಗೆ ಬಂದಿದ್ದು 28 ಸೆಕೆಂಡಿಗೆ, ಅಂದರೆ ಶೇಕಡಾ 7ರಷ್ಟು ಜೋರು. ಸಂಗೀತದಲ್ಲಿ ಒಂದು ಸ್ವರಸ್ಥಾನದಿಂದ ಪಕ್ಕದ್ದಕ್ಕೆ ಇರೋ ವ್ಯತ್ಯಾಸ ಸುಮಾರು ಶೇಕಡಾ 6. ತಾತನ ಶ್ರುತಿ ಒಂದು ಮನೆ ಮೇಲಕ್ಕೆ ಹೋಗಿತ್ತು.

ಕಾರಣ ಸಿಕ್ಕಾಗ ನಗು ಬಂತು. ಮೋಟರಿನ ಹಿಂದೆ ಒಂದು ಸಣ್ಣ ತೂತಿನೊಳಗೆ ಸ್ಪೀಡ್ ತಿದ್ದೋ ಸ್ಕ್ರೂ ಇರುತ್ತೆ. ಹಳೇ ಬೆಲ್ಟು ಸಡಿಲಾಗಿ ಹಾಡು ನಿಧಾನ ಆದಾಗ ಯಾರೋ ಬೆಲ್ಟ್ ಬದಲಾಯಿಸೋ ಬದಲು ಆ ಸ್ಕ್ರೂ ತಿರುಗಿಸಿ ಜೋರು ಮಾಡಿದ್ದಾರೆ. ನಾವು ಹೊಸ ಬೆಲ್ಟ್ ಹಾಕಿದೆವು, ಅವರ ತಿದ್ದುಪಡಿ ಹಾಗೇ ಉಳಿಯಿತು. ತಿರುಗಿಸಿ 30 ಸೆಕೆಂಡಿಗೆ ತಂದೆವು. ಆದರೆ ರೆಕಾರ್ಡ್ ಮಾಡಿದ ಟೂ ಇನ್ ಒನ್ ಸ್ಪೀಡ್ ಸರಿ ಇತ್ತು ಅಂತ ಯಾರು ಹೇಳಬೇಕು? ಹಾಗಾಗಿ ಅಜ್ಜಿಯನ್ನೇ ಜೀಪಿನಲ್ಲಿ ಕೂರಿಸಿ, ಅವರು "ಇನ್ನೊಂಚೂರು ಇಳ್ಸು... ಹಾಂ, ಈಗ್ ಅವ್ರೇ" ಅನ್ನೋವರೆಗೂ ಸ್ಕ್ರೂ ತಿರುಗಿಸಿದೆವು. ಆ ಜಾಗದಲ್ಲಿ ಮತ್ತೆ ಅಳೆದರೆ 30.4 ಸೆಕೆಂಡ್. ಅಂದೇ ಲ್ಯಾಪ್‌ಟಾಪಿಗೆ ಹಾಕಿಕೊಂಡು ಮೂರು ಕಡೆ ಕಾಪಿ ಇಟ್ಟೆವು. ಆಂಪ್ಲಿಫೈಯರ್ ಆದ ಮೇಲಿನ ಸ್ಪೀಕರ್ ವೈರಿಂದ ತೆಗೆಯಲಿಲ್ಲ, ವಾಲ್ಯೂಮ್ ಕಂಟ್ರೋಲಿಗೆ ಬರೋ ಮುಂಚಿನ ಸಿಗ್ನಲ್ ತೆಗೆದೆವು. ಅಲ್ಲಿ ಗಲೀಜು ಕಮ್ಮಿ.

ಈಗ ಅಪ್‌ಗ್ರೇಡ್ ಕಥೆ. ಅಂಗಡಿಯಲ್ಲಿ ಡಬ್ಬದ ಮೇಲೆ "50 ವ್ಯಾಟ್ ಇಂಟು 4" ಅಂತ ಬರೆದಿರೋದನ್ನ ನೋಡಿರುತ್ತೀರಿ. ನಂಬಬೇಡಿ, ಲೆಕ್ಕ ಮಾಡಿ. ಎಂಜಿನ್ ಓಡುವಾಗ ಸಿಗೋದು 14.4 ವೋಲ್ಟ್. ಬ್ರಿಡ್ಜ್ ಆಂಪ್ಲಿಫೈಯರ್ ಒಂಚೂರೂ ನಷ್ಟ ಇಲ್ಲದೆ ಅಷ್ಟನ್ನೂ ಸ್ಪೀಕರಿಗೆ ಕೊಟ್ಟರೂ ಸೈನ್ ಅಲೆಯ ಆರ್‌ಎಂಎಸ್ 10.2 ವೋಲ್ಟ್. 4 ಓಮ್ ಸ್ಪೀಕರಿಗೆ ಅದು 26 ವ್ಯಾಟ್. ಚಿಪ್ಪಿನ ನಷ್ಟ ಕಳೆದರೆ ಸ್ವಚ್ಛವಾಗಿ ಸಿಗೋದು 18 ಸುಮಾರು. ಬೇರೆ ಪವರ್ ಸಪ್ಲೈ ಇಲ್ಲದ ಸೆಟ್ಟಿಗೆ 50 ಎಲ್ಲಿಂದ ಬರಬೇಕು? ಓಮ್ ಸಾಹೇಬರಿಗೆ ಲಂಚ ಕೊಡೋಕಾಗಲ್ಲ. ಹಾಗಾಗಿ ವ್ಯಾಟ್‌ಗೆ ದುಡ್ಡು ಸುರಿಯದೆ ಸ್ಪೀಕರಿನ ಸೆನ್ಸಿಟಿವಿಟಿ ನೋಡಿ ಕೊಂಡೆವು. 92 ಡೆಸಿಬಲ್‌ನ ಸ್ಪೀಕರು 89ರದ್ದಕ್ಕಿಂತ 3 ಡೆಸಿಬಲ್ ಜಾಸ್ತಿ ಕೊಡುತ್ತೆ, ಅಂದರೆ ಆಂಪ್ಲಿಫೈಯರ್ ಶಕ್ತಿ ಎರಡರಷ್ಟು ಮಾಡಿದ ಹಾಗೆ.

ತೆರೆದ ಜೀಪು ಕಾರಿನಂತಲ್ಲ. ಡೋರ್ ಇಲ್ಲ, ಮೇಲೆ ಕ್ಯಾನ್ವಾಸ್ ಟಾಪು. ಸ್ಪೀಕರನ್ನ ಬರೀ ತಗಡಿನ ಪಟ್ಟಿಗೆ ನೇತುಹಾಕಿದರೆ ಕೋನಿನ ಮುಂದಿನ ಗಾಳಿ ಹಿಂದಕ್ಕೆ ಸುತ್ತಿ ಬರುತ್ತೆ. ಮುಂದೆ ಒತ್ತಿದ್ದು ಹಿಂದೆ ಎಳೆದದ್ದರ ಜೊತೆ ಸೇರಿ ಸೊನ್ನೆ. ಬೇಸ್ ಸಾಯೋದು ಹೀಗೆ. ಕೊರಟಗೆರೆಯಲ್ಲಿ ಬಡಗಿ ಒಬ್ಬರ ಹತ್ತಿರ 12 ಮಿ.ಮೀ. ಪ್ಲೈವುಡ್ಡಿನಲ್ಲಿ ಸುಮಾರು 10 ಲೀಟರಿನ ಎರಡು ಮುಚ್ಚಿದ ಡಬ್ಬ ಮಾಡಿಸಿ, ಮುಂದಿನ ಸೀಟುಗಳ ಹಿಂದೆ ನೆಲಕ್ಕೆ ಬೋಲ್ಟ್ ಮಾಡಿದೆವು. ಕಾಗದದ ಕೋನು ಧೂಳು, ಮಳೆಗೆ ನಿಲ್ಲಲ್ಲ ಅಂತ ಪಾಲಿಪ್ರೊಪೈಲಿನ್ ಕೋನು, ಮೂಟೆ ತಾಗದಿರಲಿ ಅಂತ ಮುಂದೆ ಕಬ್ಬಿಣದ ಜಾಲರಿ. ನಟ್ಟುಗಳೆಲ್ಲಾ ನೈಲಾನ್ ಇರೋವು. ಮೊದಲು ಹಾಕಿದ ಸಾದಾ ನಟ್ಟುಗಳು ಶಿರಾ ತಲುಪೋದರೊಳಗೆ ಅರ್ಧ ಬಿಚ್ಚಿಕೊಂಡಿದ್ದವು. ಪಟ್ಟಿ ಸ್ಪ್ರಿಂಗಿನ ಗಾಡಿಗೆ ಹಗ್ಗದ ಗಂಟೂ ನಿಲ್ಲಲ್ಲ ಅಂತ ದೊಡ್ಡಪ್ಪ ಮೊದಲೇ ಹೇಳಿದ್ದರು. ಸಬ್‌ವೂಫರ್ ಬೇಕು ಅಂತ ನಮ್ಮ ಶಿರಾದವನು ಹಟ ಹಿಡಿದಿದ್ದ. ಡೀಸೆಲ್ ಎಂಜಿನ್ನಿನ ಗುಡುಗು ಇರೋದೂ ಅದೇ ಕೆಳಗಿನ ಫ್ರೀಕ್ವೆನ್ಸಿಗಳಲ್ಲೇ, ಅದರ ಜೊತೆ ಪೈಪೋಟಿ ದಂಡ. ಕೇಳಬೇಕಾದ್ದು ಮಾತು, ಹಾಡು. ಬೇಡ ಅಂತ ವೋಟ್ ಹಾಕಿದೆವು.

ಕೊನೆಗೆ ರೇಡಿಯೋ. ಕೊರಟಗೆರೆ ಬಿಟ್ಟು ಉತ್ತರಕ್ಕೆ ಹೋದ ಹಾಗೆ ಬೆಂಗಳೂರಿನ 101.3 ಕನ್ನಡ ಕಾಮನಬಿಲ್ಲು ಉಸಿರು ಕಟ್ಟಿ ಬರುತ್ತೆ, ಮಧುಗಿರಿಯ ಏಕಶಿಲಾ ಬೆಟ್ಟದ ಹಿಂದೆ ಹೋದರೆ ಪೂರ್ತಿ ಬಂದ್. ಎಫ್‌ಎಂ ಹೆಚ್ಚುಕಮ್ಮಿ ನೇರ ನೋಟದಲ್ಲಿ ಹೋಗೋ ಅಲೆ. 100 ಮೀಟರ್ ಎತ್ತರದ ಕಂಬಕ್ಕೂ 2 ಮೀಟರ್ ಎತ್ತರದ ಜೀಪಿನ ಆಂಟೆನಾಕ್ಕೂ ನಡುವೆ ಭೂಮಿ ಬಾಗೋದರೊಳಗೆ ಸಿಗೋದು 47 ಕಿಲೋಮೀಟರ್ ಸುಮಾರು. ಆದರೆ ಹಳೇ ಡೆಕ್ಕಿನಲ್ಲಿ ಮೀಡಿಯಂ ವೇವ್ ಇತ್ತು. 612 ಕಿಲೋಹರ್ಟ್ಸ್, ಆಕಾಶವಾಣಿ ಬೆಂಗಳೂರು. ಅಲೆಯ ಉದ್ದ 490 ಮೀಟರ್. ಅದು ನೆಲ ಹಿಡಿದು ಬೆಟ್ಟ ಸುತ್ತಿಕೊಂಡು ಬರುತ್ತೆ. ಮೂರು ಕಡೆ ಆಂಧ್ರ ಇರೋ ಪಾವಗಡದಲ್ಲಿ ನಮ್ಮ ಫೋನು ತೆಲುಗು ಮಾತಾಡುತ್ತಿದ್ದಾಗ ತಾತನ ಡೆಕ್ಕು ಕನ್ನಡದಲ್ಲಿ ಪ್ರದೇಶ ಸಮಾಚಾರ ಓದಿತು.

ಅದೂ ಸುಮ್ಮನೆ ಬರಲಿಲ್ಲ. ಮೊದಲು ಬರೀ ಗೊರ್ರ್ ಅನ್ನೋ ಸದ್ದು. ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ, ಹಾಗಾಗಿ ಪೆಟ್ರೋಲ್ ಗಾಡಿಯ ಟಿಕ್ ಟಿಕ್ ಇರಬಾರದು. ಒಂದೊಂದೇ ಕಿತ್ತು ನೋಡಿದಾಗ ಸಿಕ್ಕ ಕಳ್ಳ ನಮ್ಮದೇ ಮೊಬೈಲ್ ಚಾರ್ಜರ್, ಜೊತೆಗೆ ಬ್ಲೂಟೂತ್ ಬೋರ್ಡಿಗೆ 5 ವೋಲ್ಟ್ ಕೊಡೋ ಸ್ವಿಚಿಂಗ್ ಕನ್ವರ್ಟರ್. ಅವು ಸೆಕೆಂಡಿಗೆ ಲಕ್ಷಾಂತರ ಸಲ ಆನ್ ಆಫ್ ಆಗುತ್ತವೆ. ಅದರ ಹಾರ್ಮೋನಿಕ್ಸ್ ನೇರವಾಗಿ ಮೀಡಿಯಂ ವೇವ್ ಮೇಲೆ ಬೀಳುತ್ತವೆ. ಕನ್ವರ್ಟರ್ ತೆಗೆದು 7805 ಹಾಕಿದೆವು. 100 ಮಿಲಿ ಆಂಪ್‌ಗೆ ಸುಮಾರು 0.9 ವ್ಯಾಟ್ ಶಾಖ ವೇಸ್ಟ್, ಆದರೆ ಸದ್ದಿಲ್ಲ. ಎಫಿಷಿಯೆನ್ಸಿ ಕಮ್ಮಿ ಇರೋದೇ ಇಲ್ಲಿ ಸರಿ ಉತ್ತರ, ಪರೀಕ್ಷೆಯಲ್ಲಿ ಹೀಗೆ ಬರೆದರೆ ಮಾರ್ಕ್ಸ್ ಕೊಡ್ತಾರೋ ಇಲ್ವೋ. ಎಂಜಿನ್ ರೇಸ್ ಮಾಡಿದರೆ ಏರೋ ಆಲ್ಟರ್ನೇಟರಿನ ಕುಂಯ್ ಸದ್ದು ಎಲ್ಲ ನೆಗೆಟಿವ್‌ಗಳನ್ನ ಒಂದೇ ಬೋಲ್ಟಿಗೆ ತಂದ ಮೇಲೆ ಮುಕ್ಕಾಲು ಹೋಯ್ತು. ಎಡಗಡೆ ಸ್ಪೀಕರಿನಲ್ಲಿ ಇನ್ನೂ ಸ್ವಲ್ಪ ಇದೆ. ಯಾರಿಗಾದರೂ ಐಡಿಯಾ ಇದ್ದರೆ ಹಾಸ್ಟೆಲ್‌ಗೆ ಬನ್ನಿ.

ರಜೆಯ ಕೊನೆ ದಿನ ಅಜ್ಜಿ ಮುಂದಿನ ಸೀಟಿನಲ್ಲಿ ಕೂತು ಎ ಸೈಡ್ ಪೂರ್ತಿ ಕೇಳಿ, "ಇನ್ನೊಂದ್ ಮಗ್ಗುಲು ಹಾಕು" ಅಂದರು. ಬಿ ಸೈಡಿನಲ್ಲಿ ಹತ್ತು ನಿಮಿಷ ಆಟ. ಪದದ ಮಧ್ಯದಲ್ಲೇ ಟಕ್ ಅಂತ ಒಂದು ಸದ್ದು, ಆಮೇಲೆ ಸಿನಿಮಾ ಹಾಡು. ದೊಡ್ಡಪ್ಪ ಕಾಲೇಜಿನಲ್ಲಿದ್ದಾಗ ರೇಡಿಯೋದಿಂದ ತುಂಬಿಸಿಕೊಂಡಿದ್ದಂತೆ. ಅಜ್ಜಿ ಏನೂ ಅನ್ನಲಿಲ್ಲ, ದೊಡ್ಡಪ್ಪ ಎದ್ದು ದನದ ಕೊಟ್ಟಿಗೆ ಕಡೆ ಹೋದರು. ಕ್ಯಾಸೆಟ್ಟಿನ ಬೆನ್ನಿನಲ್ಲಿ ಎರಡು ಪುಟ್ಟ ಪ್ಲಾಸ್ಟಿಕ್ ತುಂಡು ಇರುತ್ತವೆ, ಒಂದೊಂದು ಸೈಡಿಗೆ ಒಂದೊಂದು. ಅವನ್ನ ಮುರಿದರೆ ಮತ್ತೆ ಅದರ ಮೇಲೆ ರೆಕಾರ್ಡ್ ಬಟನ್ ಒತ್ತೋಕಾಗಲ್ಲ. ತಾತನ ಕ್ಯಾಸೆಟ್ಟಿನಲ್ಲಿ ಎರಡೂ ಹಾಗೇ ಇದ್ದವು. ಸ್ಕ್ರೂಡ್ರೈವರ್ ತೆಗೆದುಕೊಂಡು ಮುರಿದು ಕೊಟ್ಟು ಬಂದೆವು.