ಕೇಳುವವರನ್ನು ಬೆಳೆಸಿದ ಸಂಘಗಳು

ಹನೂರು ತಾಲ್ಲೂಕಿನ ಗೋಪಿನಾಥಂ ಪತ್ರಿಕೆಗಳಲ್ಲಿ ಕಾಣಿಸಿಕೊಂಡದ್ದೆಲ್ಲ ಬಹುಮಟ್ಟಿಗೆ ವೀರಪ್ಪನ್‌ನಿಂದಾಗಿ. ಈ ಗಡಿಯ ಹಳ್ಳಿಗೂ ಸಾಹಿತ್ಯ ಸಂಘಕ್ಕೂ ಎತ್ತಣ ಸಂಬಂಧ ಎಂದು ಓದುಗರು ಕೇಳಬಹುದು. ಆದರೆ ಈ ಊರು ಇರುವುದು ಮಲೆ ಮಹದೇಶ್ವರ ಬೆಟ್ಟದ ಸೀಮೆಯಲ್ಲಿ. ಹರಕೆ ಹೊತ್ತವರ ಮನೆಯಂಗಳದಲ್ಲಿ ದೇವರಗುಡ್ಡರು ಕಂಸಾಳೆ ಹಿಡಿದು ಕುಳಿತರೆಂದರೆ ಮಾದಪ್ಪನ ಕಥೆ ಬೆಳಗಿನ ಜಾವದವರೆಗೂ ಸಾಗುತ್ತದೆ. ಸಂಕಮ್ಮನ ಸಾಲು ಎಲ್ಲಿ ತಿರುಗುತ್ತದೆ, ಎಲ್ಲಿ ಸೊಲ್ಲು ಕೂಡುತ್ತದೆ ಎಂಬುದು ಹಾಡುವವರಷ್ಟೇ ಕೇಳುವವರಿಗೂ ಗೊತ್ತು. ಸದಸ್ಯತ್ವವಿಲ್ಲ, ರಸೀದಿಯಿಲ್ಲ, ಕೇಳುವ ಜನ ಮಾತ್ರ ತಲೆಮಾರಿನಿಂದ ತಲೆಮಾರಿಗೆ ತಯಾರಾಗುತ್ತ ಬಂದಿದ್ದಾರೆ.

ಪೇಟೆಯಲ್ಲಿ ಈ ಏರ್ಪಾಡು ಇಲ್ಲ. ಅಲ್ಲಿ ಕೂಡಿರುವವರು ಬೇರೆ ಬೇರೆ ಊರಿನವರು, ಬೇರೆ ಬೇರೆ ಕಸುಬಿನವರು. ಒಂದೇ ಕಥೆ ಎಲ್ಲರದೂ ಅಲ್ಲ. ಅಲ್ಲಿ ಕವಿಗೆ ಕಿವಿಗೊಡುವ ಜನರನ್ನು ಯಾರಾದರೂ ಕೂಡಿಸಬೇಕು. ಲಾಭದ ಆಸೆಯಿಲ್ಲದ ಸಾಹಿತ್ಯ ಸಂಘ ಮಾಡುವ ಮುಖ್ಯ ಕೆಲಸ ಇದೇ. ಪುಸ್ತಕ, ಹಾರ, ಸನ್ಮಾನ ಎಲ್ಲ ಆಮೇಲಿನವು.

ಆಳುವವರ ಭಾಷೆ ಬೇರೆಯಾಗಿದ್ದ ಕಡೆ ಈ ಕೆಲಸದ ತೂಕ ಇನ್ನೂ ಹೆಚ್ಚು. ಕೊಳ್ಳೇಗಾಲ ಸೀಮೆ 1956ರ ನವೆಂಬರ್ 1ರವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಮನೆಯಲ್ಲಿ ಕನ್ನಡ, ಆಡಳಿತ ಮದರಾಸಿನದು. ಬಹುದೂರದ ಧಾರವಾಡದ್ದೂ ಇದೇ ಪಾಡು. ಅದು ಮುಂಬಯಿ ಪ್ರಾಂತದಲ್ಲಿದ್ದು, ಮರಾಠಿಯ ಮೇಲುಗೈಯನ್ನು ಸಹಿಸಬೇಕಾಗಿತ್ತು. ಮೈಸೂರಿನ ಕನ್ನಡಿಗರಿಗೆ ಅರಮನೆಯ ಆಸರೆಯಿತ್ತು. ಧಾರವಾಡದವರು ಆ ಆಸರೆಯನ್ನು ತಾವೇ ಕಟ್ಟಿಕೊಳ್ಳಬೇಕಾಯಿತು.

1890ರ ಜುಲೈ 20ರಂದು ರಾ.ಹ. ದೇಶಪಾಂಡೆಯವರ ಮುಂದಾಳತನದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ್ದು ಹೀಗೆ. ‘ಸಿರಿಗನ್ನಡಂ ಗೆಲ್ಗೆ’ ಎಂಬ ಘೋಷವನ್ನು ನಾಡಿಗೆ ಕೊಟ್ಟವರೂ ಅವರೇ. ಗ್ರಂಥಗಳನ್ನು ಬರೆಯಿಸುವುದು, ಬಹುಮಾನ ಕೊಡುವುದು, ಅಚ್ಚು ಹಾಕಿಸುವುದು ಸಂಘದ ಕೆಲಸವಾಯಿತು. 1896ರಿಂದ ‘ವಾಗ್ಭೂಷಣ’ ಮಾಸಪತ್ರಿಕೆ ಹೊರಟಿತು. ಮುಂದೆ ಅದನ್ನು ನೋಡಿಕೊಂಡ ಆಲೂರು ವೆಂಕಟರಾಯರು ಕನ್ನಡ ಗ್ರಂಥಕರ್ತರನ್ನು ಒಂದೆಡೆ ಸೇರಿಸಿದರು. ಬೆಂಗಳೂರಿನಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಸ್ಥಾಪನೆಯಾಗುವ ಹೊತ್ತಿಗೆ, ಅಂದರೆ 1915ಕ್ಕೆ, ಧಾರವಾಡದ ಸಂಘಕ್ಕೆ ಇಪ್ಪತ್ತೈದು ತುಂಬಿತ್ತು.

ಸಂಘ ಎಂದರೆ ಕಟ್ಟಡ, ಕಾರ್ಯಕಾರಿ ಸಮಿತಿ ಎಂದಷ್ಟೇ ತಿಳಿಯಬೇಕಾಗಿಲ್ಲ. 1920ರ ದಶಕದಲ್ಲಿ ಅದೇ ಊರಿನಲ್ಲಿ ಬೇಂದ್ರೆಯವರ ಸುತ್ತ ಕೂಡಿದ ಗೆಳೆಯರ ಗುಂಪಿಗೆ ಬಂಡವಾಳವೆಂದರೆ ಸಂಜೆಯ ಬಿಡುವು, ಅಷ್ಟೆ. ಶಂಬಾ ಜೋಶಿ, ವಿ.ಕೃ. ಗೋಕಾಕ, ರಂ.ಶ್ರೀ. ಮುಗಳಿ, ಬೆಟಗೇರಿ ಕೃಷ್ಣಶರ್ಮ ಇವರೆಲ್ಲ ಅದರೊಳಗಿದ್ದವರು. ಅಚ್ಚಿಗೆ ಹೋಗುವ ಮೊದಲೇ ಕವಿತೆ ಹತ್ತು ಕಿವಿಗಳನ್ನು ದಾಟಬೇಕಾಗಿತ್ತು. ಇಂಥ ಕೇಳುಗರು ಸಿಕ್ಕುವುದು ಕವಿಗೆ ಭಾಗ್ಯವೂ ಹೌದು, ಪರೀಕ್ಷೆಯೂ ಹೌದು.

ಇದೆಲ್ಲ ಓದಿದವರ ಪೇಟೆಯ ಆಟ ಎನ್ನುವವರು ಹಲಸಂಗಿಯನ್ನು ನೆನೆಯಬೇಕು. ಅದು ಅಂದಿನ ಬಿಜಾಪುರ ಜಿಲ್ಲೆಯ ಒಂದು ಹಳ್ಳಿ. ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾ ಮೊದಲಾದ ಗೆಳೆಯರು ಅಲ್ಲಿ ಗುಂಪು ಕಟ್ಟಿ, ಬೀಸುವ ಕಲ್ಲಿನ ಮುಂದೆ ಹೆಂಗಸರು ಹೇಳುತ್ತಿದ್ದ ತ್ರಿಪದಿಗಳನ್ನು ಬರೆದುಕೊಂಡರು. ‘ಗರತಿಯ ಹಾಡು’ 1931ರಲ್ಲಿ ಹೊರಬಂತು. ಬರೆಯುವವರು ಹಾಡುವವರ ಬಳಿಗೆ ಹೋಗಿ ಕೇಳುಗರಾದದ್ದು ಅವರ ಹಿರಿಮೆ. ಮಾದಪ್ಪನ ಕಥೆಯ ಹಾಡುಗಾರರ ಬಳಿಗೆ ನಮ್ಮ ವಿದ್ವಾಂಸರು ಧ್ವನಿಮುದ್ರಣ ಯಂತ್ರ ಹೊತ್ತು ಹೋದದ್ದು ಅದೆಷ್ಟೋ ವರ್ಷಗಳ ಮೇಲೆ.

ಇನ್ನು ದುಡ್ಡಿನ ಮಾತು. ಇದನ್ನು ಆಡದೆ ಸಂಘಗಳ ಚರಿತ್ರೆ ಹೇಳುವುದು ನಮ್ಮಲ್ಲೊಂದು ರೂಢಿ. ಜಿ.ಬಿ. ಜೋಶಿಯವರು 1933ರಲ್ಲಿ ಮನೋಹರ ಗ್ರಂಥಮಾಲೆ ಆರಂಭಿಸಿದಾಗ ನಂಬಿದ್ದು ಚಂದಾದಾರರನ್ನು. ವರ್ಷದ ಚಂದಾ ಕೊಟ್ಟವರ ಮನೆಗೆ ಪುಸ್ತಕ ಬರುತ್ತಿತ್ತು. ಯಾವ ಪುಸ್ತಕವೆಂದು ತಿಳಿಯುವ ಮೊದಲೇ ಹಣ ಕೊಡುವ ಓದುಗರಿದ್ದರು ಎಂಬುದನ್ನು ಗಮನಿಸಬೇಕು. ಗ್ರಂಥಮಾಲೆಯ ಅಟ್ಟ ಹರಟೆಯ ಜಾಗವೂ ಆಯಿತು. ಕೀರ್ತಿನಾಥ ಕುರ್ತಕೋಟಿಯವರು ಅಲ್ಲಿ ಕುಳಿತು ಹಸ್ತಪ್ರತಿ ಓದುತ್ತಿದ್ದರು. ಹೆಸರೇ ಕೇಳಿರದ ಗಿರೀಶ ಕಾರ್ನಾಡ ಎಂಬ ತರುಣನ ‘ಯಯಾತಿ’ 1961ರಲ್ಲಿ ಬಂದದ್ದು ಆ ಅಟ್ಟದಿಂದ. ಮಾರಾಟದ ಲೆಕ್ಕವನ್ನೇ ಮೊದಲು ಹಾಕುವವರು ಅಂಥ ನಾಟಕಕ್ಕೆ ಕೈಹಾಕುತ್ತಿದ್ದರೆ?

ಕೇಳುವ ಅಭ್ಯಾಸವಾದ ಊರು ಒಮ್ಮೊಮ್ಮೆ ಬಾಯಿಯನ್ನೂ ತೆರೆಯುತ್ತದೆ. ಶಾಲೆಗಳಲ್ಲಿ ಕನ್ನಡದ ಸ್ಥಾನ ಕುರಿತು ಗೋಕಾಕರು 1981ರಲ್ಲಿ ವರದಿ ಒಪ್ಪಿಸಿದರು. ಅದು ಜಾರಿಯಾಗಲಿ ಎಂದು ಮರುವರ್ಷ ಧಾರವಾಡದಲ್ಲಿ ಚಳವಳಿ ಎದ್ದಾಗ ಮುಂಚೂಣಿಯಲ್ಲಿ ಶಂಬಾ ಜೋಶಿ ಇದ್ದರು. ವಯಸ್ಸು ಎಂಬತ್ತು ದಾಟಿತ್ತು. ವರದಿ ಬರೆದವರು, ಅದಕ್ಕಾಗಿ ಹೋರಾಡಿದವರು ಇಬ್ಬರೂ ಆ ಹಳೆಯ ಗುಂಪಿನ ಗೆಳೆಯರು. ಚಳವಳಿಯನ್ನು ನಾಡಿನ ತುಂಬ ಹಬ್ಬಿಸಿದ ರಾಜ್‌ಕುಮಾರ್ ಅವರ ಊರು ಗಾಜನೂರು. ಕೊಳ್ಳೇಗಾಲದಂತೆ ಅದೂ ಕೊಯಮತ್ತೂರು ಜಿಲ್ಲೆಯಲ್ಲಿತ್ತು. 1956ರಲ್ಲಿ ಕೊಳ್ಳೇಗಾಲ ಈಚೆ ಬಂತು, ಗಾಜನೂರು ಆಚೆಯೇ ಉಳಿಯಿತು.

ವಿದ್ಯಾವರ್ಧಕ ಸಂಘ ಇಂದಿಗೂ ನಡೆಯುತ್ತಿದೆ. ಅರ್ಧ ಶತಮಾನಕ್ಕೂ ಮಿಕ್ಕಿ ಅದರ ಅಧ್ಯಕ್ಷರಾಗಿದ್ದ ಪಾಟೀಲ ಪುಟ್ಟಪ್ಪನವರು 2020ರ ಮಾರ್ಚ್‌ನಲ್ಲಿ ತೀರಿಕೊಂಡರು. ಒಬ್ಬರ ಹೆಗಲ ಮೇಲೆ ಇಷ್ಟು ಕಾಲ ನಿಂತದ್ದು ಸಂಘದ ಬಲವೋ, ನಮ್ಮೆಲ್ಲರ ಸೋಮಾರಿತನವೋ ಹೇಳುವುದು ಕಷ್ಟ.

ಸಣ್ಣ ಊರಿನ ಸಂಘಗಳ ಕಷ್ಟ ಬೇರೆ ಬಗೆಯದು. ಅವು ಹೆಚ್ಚಾಗಿ ದತ್ತಿ ಉಪನ್ಯಾಸಗಳ ಮೇಲೆ ನಿಂತಿವೆ. ತೀರಿಕೊಂಡ ತಂದೆಯ ಹೆಸರಿನಲ್ಲಿ ಮಗ ಒಂದು ಮೊತ್ತವನ್ನು ಬ್ಯಾಂಕಿನಲ್ಲಿಡುತ್ತಾನೆ, ಅದರ ಬಡ್ಡಿಯಲ್ಲಿ ವರ್ಷಕ್ಕೊಂದು ಉಪನ್ಯಾಸ ನಡೆಯಬೇಕು. ಇಪ್ಪತ್ತೈದು ಸಾವಿರದ ಠೇವಣಿಗೆ ಶೇಕಡಾ 12ರ ಬಡ್ಡಿಯಿದ್ದ ಕಾಲದಲ್ಲಿ ವರ್ಷಕ್ಕೆ 3,000 ರೂಪಾಯಿ ಬರುತ್ತಿತ್ತು. ಶೇಕಡಾ 7ಕ್ಕೆ ಇಳಿದರೆ ಬರುವುದು 1,750. ಉಪನ್ಯಾಸಕರ ಬಸ್ಸಿನ ಖರ್ಚು, ಕರಪತ್ರ, ಬಾಡಿಗೆ ಕುರ್ಚಿ, ಮೈಕು, ಖಾರಾಭಾತು, ಕಾಫಿ ಎಲ್ಲವೂ ಅದರಲ್ಲೇ ಆಗಬೇಕು. ಸಾಲದೆ ಬಿದ್ದದ್ದನ್ನು ಕಾರ್ಯದರ್ಶಿ ಜೇಬಿನಿಂದ ಹಾಕುತ್ತಾರೆ, ಕುರ್ಚಿಗಳನ್ನು ಎಣಿಸಿ ಅಂಗಡಿಗೆ ಮರಳಿಸಿ, ಸಭಾಂಗಣಕ್ಕೆ ಬೀಗ ಹಾಕಿ ಮನೆಗೆ ಹೋಗುತ್ತಾರೆ.