ರಸ್ತೆ ದಾಟಲು ಎಷ್ಟು ಹೊತ್ತು?

ಬಬಲೇಶ್ವರದಿಂದ ವಿಜಯಪುರಕ್ಕೆ ಬಂದ ಅಜ್ಜಿಯೊಬ್ಬಳು 15 ಮೀಟರ್ ಅಗಲದ ರಸ್ತೆಯನ್ನು ದಾಟಬೇಕಾಗಿದೆ ಎಂದು ಭಾವಿಸೋಣ. ಬರಿಯ ಬಿಳಿ ಪಟ್ಟೆಗಳಿದ್ದರೆ, ಚಾಲಕನು ನಿಂತರೆ ಮಾತ್ರ ಅವಳಿಗೆ ದಾರಿ. 1951ರಲ್ಲಿ ಬ್ರಿಟನ್ನಿನಲ್ಲಿ ಬಳಕೆಗೆ ಬಂದ ಈ ‘ಜೀಬ್ರಾ’ ಪಟ್ಟೆಗಳ ಬಲವೆಲ್ಲ ಚಾಲಕನ ಸೌಜನ್ಯದಲ್ಲಿದೆ. 1969ರಲ್ಲಿ ಅಲ್ಲಿಯೇ ಆರಂಭವಾದ ‘ಪೆಲಿಕನ್’ ಸಂಕೇತದಲ್ಲಿ ಪಾದಚಾರಿಯೇ ಗುಂಡಿಯನ್ನೊತ್ತಿ ವಾಹನಗಳನ್ನು ನಿಲ್ಲಿಸಬಹುದು. ಬೆಂಗಳೂರಿನಲ್ಲಿಯೂ ಇಂಥವುಗಳನ್ನು ಅಳವಡಿಸಿದ್ದಾರೆ.

ನಾಲ್ಕು ರಸ್ತೆಗಳು ಕೂಡುವ ಚೌಕದಲ್ಲಿ ತೊಡಕು ಬೇರೆ. ಪಾದಚಾರಿಗೂ ವಾಹನಕ್ಕೂ ಒಮ್ಮೆಗೇ ಹಸಿರು ದೀಪ ಹೊತ್ತಿದರೆ, ಎಡಕ್ಕೆ ಹೊರಳುವ ಲಾರಿ ಅಜ್ಜಿಗೆ ಅಡ್ಡ ಬರುತ್ತದೆ. ಅವಳಿಗೆ 3ರಿಂದ 7 ಸೆಕೆಂಡು ಮೊದಲೇ ಹಸಿರು ತೋರಿಸಿದರೆ, ಲಾರಿ ಹೊರಳುವ ಮುನ್ನ ಅವಳು ಚಾಲಕನ ಕಣ್ಣಿಗೆ ಬಿದ್ದಿರುತ್ತಾಳೆ. ಟೋಕಿಯೋದ ಶಿಬುಯಾ ಚೌಕದಲ್ಲಿಯಂತೆ ಎಲ್ಲ ವಾಹನಗಳನ್ನೂ ಏಕಕಾಲಕ್ಕೆ ತಡೆಯುವುದು ಇನ್ನೂ ಕ್ಷೇಮಕರ. ಆದರೆ ಕಾಯುವ ಹೊತ್ತು ಹೆಚ್ಚುತ್ತದೆ, ತಾಳ್ಮೆಗೆಟ್ಟವನು ಕೆಂಪು ದೀಪವಿರುವಾಗಲೇ ನುಗ್ಗುತ್ತಾನೆ.

ಸಂಕೇತ ಯಾವುದೇ ಇರಲಿ, ಅದರ ಅವಧಿಯನ್ನು ಯಾರ ನಡಿಗೆಗೆ ಅಳೆದಿದ್ದಾರೆ? ಸೆಕೆಂಡಿಗೆ 1.2 ಮೀಟರ್ ನಡೆಯುವವನು ಹನ್ನೆರಡೂವರೆ ಸೆಕೆಂಡಿನಲ್ಲಿ ಆಚೆ ಸೇರುತ್ತಾನೆ. ಅಜ್ಜಿ 0.8 ಮೀಟರಿನಂತೆ ನಡೆದರೆ ಸುಮಾರು 19 ಸೆಕೆಂಡು ಬೇಕು. ಹಸಿರು ದೀಪವು 13ನೆಯ ಸೆಕೆಂಡಿಗೇ ಆರಿದರೆ, ಅವಳ ಮುಂದೆ ಇನ್ನೂ ನಾಲ್ಕೂವರೆ ಮೀಟರಿಗೂ ಹೆಚ್ಚು ರಸ್ತೆ ಉಳಿದಿರುತ್ತದೆ.