ಸಣ್ಣ ಲ್ಯಾಪ್‌ಟಾಪಿಗೆ ಹಳೆಯ ವಿಂಡೋಸ್ ಹಾಕುವ ಬಗೆ



ಹತ್ತು ಅಂಗುಲದ ಪರದೆಯ ಸಣ್ಣ ಲ್ಯಾಪ್‌ಟಾಪುಗಳು ನಮ್ಮವರ ಮನೆಗಳಲ್ಲಿ ಇನ್ನೂ ಎಷ್ಟೋ ಇವೆ. ಕೆಲವನ್ನು ಆಫೀಸಿನ ಸಾಹೇಬರು ಕೊಟ್ಟದ್ದು. ಕೆಲವನ್ನು ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ಚೆನ್ನೈಯ ರಿಚಿ ಸ್ಟ್ರೀಟ್, ದಿಲ್ಲಿಯ ನೆಹರೂ ಪ್ಲೇಸ್ ಮೊದಲಾದ ಪೇಟೆಗಳಲ್ಲಿ ಪಗಾರ ಉಳಿಸಿ ಕೊಂಡದ್ದು. ಈಗ ಗುಂಡಿ ಒತ್ತಿ, ಚಹ ಕುಡಿದು ಬಂದರೂ ಪರದೆ ತೆರೆದಿರುವುದಿಲ್ಲ. ಅಂಗಡಿಗೆ ಒಯ್ದರೆ ‘ಭಂಗಾರಕ್ಕೆ ಹಾಕಿ, ಹೊಸದು ಕೊಳ್ಳಿ’ ಎಂಬ ಉತ್ತರ. ಹಾಗೆ ಹಾಕುವ ಮೊದಲು ಈ ಲೇಖನವನ್ನು ಓದಬೇಕೆಂದು ಪ್ರಾರ್ಥನೆ. ಇಂಥ ಯಂತ್ರಗಳು ಅನೇಕ ವೇಳೆ ಕೆಟ್ಟಿರುವುದಿಲ್ಲ. ಹೊರಲಾರದ ಹೊರೆಯನ್ನು ಯಾರೋ ಅವುಗಳ ಮೇಲೆ ಹೇರಿರುತ್ತಾರೆ, ಅಷ್ಟೆ.

ಬರೆಯುತ್ತಿರುವವನು ಎಂಜಿನಿಯರನಲ್ಲ, ಮೆಟ್ರಿಕ್ ಮುಗಿಸಿ ಗಿರಣಿಯಲ್ಲಿ ಕಾರಕೂನನಾಗಿರುವವನು. ವಾಚನಾಲಯಕ್ಕೆ ಬರುವವರ ಯಂತ್ರಗಳನ್ನು ಭಾನುವಾರಗಳಲ್ಲಿ ನೋಡಿ ಕೊಡುತ್ತಿರುವುದರಿಂದ, ತಿಳಿದಷ್ಟನ್ನು ಕ್ರಮವಾಗಿ ಹೇಳುತ್ತೇನೆ.

ಈ ಯಂತ್ರಗಳ ಹುಟ್ಟು

2007ರಲ್ಲಿ ತೈವಾನಿನ ಅಸೂಸ್ ಕಂಪನಿ ‘ಈ-ಪಿಸಿ’ ಎಂಬ ಏಳು ಅಂಗುಲದ ಅಗ್ಗದ ಲ್ಯಾಪ್‌ಟಾಪನ್ನು ಪೇಟೆಗೆ ತಂದಿತು. ಮರುವರ್ಷ ಇಂಟೆಲ್ ಕಂಪನಿಯ ಆಟಮ್ ಪ್ರೊಸೆಸರು ಬಂದಿತು. ಏಸರ್, ಎಚ್‌ಪಿ, ಡೆಲ್ ಮುಂತಾದವರೂ ಇಂಥವನ್ನೇ ಮಾಡತೊಡಗಿದರು. ಇವುಗಳಲ್ಲಿ ಹೆಚ್ಚಾಗಿ ಕಾಣುವುದು ಆಟಮ್ ಎನ್ 270. ಅದರ ವೇಗ 1.6 ಗಿಗಾಹರ್ಟ್ಸ್, ಜೊತೆಗೆ ಸಾಮಾನ್ಯವಾಗಿ 1 ಜಿಬಿ ರ್‍ಯಾಮ್, ಬಹಳವೆಂದರೆ 2 ಜಿಬಿ.

ಆ ಹೊತ್ತಿಗೆ ಮೈಕ್ರೋಸಾಫ್ಟಿನ ಹೊಸ ವ್ಯವಸ್ಥೆಯಾಗಿದ್ದ ವಿಸ್ಟಾ ಇವಕ್ಕೆ ತೀರ ಭಾರವಾಯಿತು. ಆದುದರಿಂದ 2001ರ ವಿಂಡೋಸ್ ಎಕ್ಸ್‌ಪಿಯ ಅಂಗಡಿ ಮಾರಾಟ 2008ರ ಜೂನ್ 30ಕ್ಕೆ ನಿಂತರೂ, ಸಣ್ಣ ಲ್ಯಾಪ್‌ಟಾಪು ಮಾಡುವವರಿಗೆ ಎಕ್ಸ್‌ಪಿ ಹೋಮ್ 2010ರ ವರೆಗೆ ಸಿಗುತ್ತಲೇ ಇತ್ತು. 2009ರ ಅಕ್ಟೋಬರಿನಲ್ಲಿ ವಿಂಡೋಸ್ 7 ಬಂದ ಮೇಲೆ, ಅದರ ‘ಸ್ಟಾರ್ಟರ್’ ಎಂಬ ಕಿರಿಯ ಆವೃತ್ತಿ ಇವುಗಳೊಡನೆ ಬರತೊಡಗಿತು. ಎಕ್ಸ್‌ಪಿ ಕೇಳುವ ಕನಿಷ್ಠ ರ್‍ಯಾಮ್ 64 ಎಂಬಿ. ವಿಂಡೋಸ್ 7 ಕೇಳುವುದು 1 ಜಿಬಿ, ಅಂದರೆ ಅದರ ಹದಿನಾರು ಪಾಲು. ಎಕ್ಸ್‌ಪಿಯೊಡನೆ ಹುಟ್ಟಿದ ಯಂತ್ರಕ್ಕೆ ಮುಂದೆ ಯಾರೋ ವಿಂಡೋಸ್ 7 ಅಥವಾ 10 ಹಾಕಿದರೆ ಅದು ಏದುಸಿರು ಬಿಡುವುದು ಸಹಜವೇ ಸರಿ.

ಡ್ರೈವರು ಎಂದರೇನು?

ಆಪರೇಟಿಂಗ್ ಸಿಸ್ಟಮ್ ಎಂಬುದು ಯಂತ್ರದ ಯಾವತ್ತೂ ಕೆಲಸವನ್ನು ನಡೆಸುವ ಮೇಲ್ವಿಚಾರಕ. ವಿಂಡೋಸ್ ಅಂಥದೊಂದು. ಆದರೆ ಪರದೆ, ಧ್ವನಿ, ವೈ-ಫೈ ಮುಂತಾದ ಭಾಗಗಳನ್ನು ಬೇರೆಬೇರೆ ಕಂಪನಿಗಳು ಮಾಡಿರುತ್ತವೆ. ಒಂದೊಂದಕ್ಕೂ ಒಂದೊಂದು ಭಾಷೆ. ಊರಿಂದ ಹೊಸದಾಗಿ ಮುಂಬಯಿಗೆ ಬಂದವನು ಮರಾಠಿ ಬಲ್ಲ ಗೆಳೆಯನನ್ನು ಜೊತೆಗೆ ಕರೆದುಕೊಂಡು ಹೋಗುವುದಿಲ್ಲವೇ? ಡ್ರೈವರೆಂದರೆ ಅಂಥ ದುಭಾಷಿ. ದುಭಾಷಿ ಇಲ್ಲದಿದ್ದರೆ ಭಾಗ ಚೆನ್ನಾಗಿದ್ದರೂ ಕೆಲಸ ಮಾಡದು. ‘ವಿಂಡೋಸ್ ಹಾಕಿಸಿದೆ, ಧ್ವನಿ ಹೋಯಿತು’ ಎಂಬ ದೂರಿನ ಮೂಲ ಬಹುಮಟ್ಟಿಗೆ ಇಷ್ಟೇ. ಎಕ್ಸ್‌ಪಿಯ ದುಭಾಷಿ ವಿಂಡೋಸ್ 7ಕ್ಕೆ ಒದಗುತ್ತಾನೆಂಬ ಭರವಸೆಯಿಲ್ಲ. ಆಯಾ ವ್ಯವಸ್ಥೆಗೆ ಆಯಾ ಡ್ರೈವರೇ ಬೇಕು.

ಯಾವುದನ್ನು ಹಾಕಬೇಕು?

ಯಂತ್ರವನ್ನು ಮಗುಚಿ ನೋಡಿರಿ. ಅಡಿಯಲ್ಲಿ ಒಂದು ಚೀಟಿ ಅಂಟಿಸಿದ್ದು, ವಿಂಡೋಸಿನ ಹೆಸರೂ 25 ಅಕ್ಷರಗಳ ಕೀಲಿಯೂ ಅದರಲ್ಲಿರುತ್ತವೆ. ಚೀಟಿಯಲ್ಲಿ ಎಕ್ಸ್‌ಪಿ ಹೋಮ್ ಎಂದಿದ್ದರೆ ಎಕ್ಸ್‌ಪಿ ಹೋಮ್, 7 ಸ್ಟಾರ್ಟರ್ ಎಂದಿದ್ದರೆ ಅದೇ. ನಿಮ್ಮ ಹಕ್ಕಿರುವುದು ಅದಕ್ಕೇ; ಯಂತ್ರಕ್ಕೆ ಒಗ್ಗುವುದೂ ಅದೇ. ಸ್ಟಾರ್ಟರಿನ ಚೀಟಿಯಿಂದ ಎಕ್ಸ್‌ಪಿ ಹಾಕುವ ಹಕ್ಕು ಬರುವುದಿಲ್ಲ. ಬೀದಿಯಲ್ಲಿ ಮಾರುವ ಕಳ್ಳ ಡಿಸ್ಕುಗಳನ್ನು ಮುಟ್ಟಬಾರದು; ಅವುಗಳೊಳಗೆ ಏನೇನು ಸೇರಿಸಿರುತ್ತಾರೋ ದೇವರೇ ಬಲ್ಲ.

ಇಲ್ಲಿ ಹೇಳುವುದು 2008ರಿಂದ 2011ರ ವರೆಗಿನ ಯಂತ್ರಗಳಿಗೆ ಮಾತ್ರ. ಅನಂತರದ ಎಷ್ಟೋ ಸಣ್ಣ ಲ್ಯಾಪ್‌ಟಾಪುಗಳು ಯುಇಎಫ್‌ಐ ಎಂಬ ಹೊಸ ಪದ್ಧತಿಯಿಂದ ಏಳುತ್ತವೆ. ಎಕ್ಸ್‌ಪಿ ಆ ಪದ್ಧತಿಯನ್ನು ಅರಿಯದು.

ಅಳಿಸುವ ಮೊದಲು

ಪೇಟೆಯ ಮಾತಿನಲ್ಲಿ ‘ಫಾರ್ಮ್ಯಾಟ್ ಹೊಡೆಯುವುದು’ ಎಂದರೆ ಡಿಸ್ಕಿನಲ್ಲಿದ್ದುದನ್ನೆಲ್ಲ ಒರೆಸುವುದು. ನಮ್ಮ ವಾಚನಾಲಯದ ಒಬ್ಬ ಬಂಧುವಿನ ಯಂತ್ರವನ್ನು ಅಂಗಡಿಯವನು ಕೇಳದೆಯೇ ಹೀಗೆ ಒರೆಸಿದನು. ಯಂತ್ರವೇನೋ ಓಡಿತು. ಆದರೆ ಊರಿನ ಹೊಲದ ಪಹಣಿಯ ಪ್ರತಿಯೂ, ತೀರಿಕೊಂಡ ತಾಯಿಯ ಚಿತ್ರಗಳೂ ಹೋದವು. ಪಹಣಿಯನ್ನು ಮತ್ತೆ ತೆಗೆಸಬಹುದು, ತಾಯಿಯ ಚಿತ್ರವನ್ನು ಎಲ್ಲಿಂದ ತರುವುದು? ಆದುದರಿಂದ ಮೊದಲ ಕೆಲಸ ಇದು: ಕಾಗದಪತ್ರ, ಚಿತ್ರ, ಹಾಡುಗಳನ್ನೆಲ್ಲ ಪೆನ್‌ಡ್ರೈವಿಗೆ ನಕಲು ಮಾಡಿ, ಆ ನಕಲನ್ನು ಬೇರೊಂದು ಯಂತ್ರದಲ್ಲಿ ತೆರೆದು ನೋಡತಕ್ಕದ್ದು. ತೆರೆದು ನೋಡದ ನಕಲು ನಕಲಲ್ಲ.

ಎರಡನೆಯದು, ಡ್ರೈವರುಗಳನ್ನು ಮೊದಲೇ ಕೂಡಿಹಾಕುವುದು. ಅಡಿಯ ಚೀಟಿಯಿಂದ ಮಾಡೆಲ್ ಸಂಖ್ಯೆಯನ್ನು ಬರೆದುಕೊಂಡು, ಬೇರೆ ಕಂಪ್ಯೂಟರಿನಲ್ಲಿ ತಯಾರಕರ ಜಾಲತಾಣದಿಂದ ಆ ಮಾಡೆಲಿನ, ಆ ವಿಂಡೋಸಿನ ಡ್ರೈವರುಗಳನ್ನು ಇಳಿಸಿಕೊಳ್ಳಬೇಕು. ‘ಆಮೇಲೆ ಈ ಯಂತ್ರದಿಂದಲೇ ತಂದರಾಯಿತು’ ಎನ್ನಕೂಡದು. ವೈ-ಫೈ ಡ್ರೈವರಿಲ್ಲದೆ ಇಂಟರ್‌ನೆಟ್ಟಿಲ್ಲ, ಇಂಟರ್‌ನೆಟ್ಟಿಲ್ಲದೆ ಡ್ರೈವರಿಲ್ಲ. ಬೀಗದ ಕೈಯನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದಂತಾಗುತ್ತದೆ. ಅಲ್ಲದೆ ಎಕ್ಸ್‌ಪಿಯೊಡನೆ ಬರುವ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 6ರಲ್ಲಿ ಇಂದಿನ ಬಹುತೇಕ ಜಾಲತಾಣಗಳು ತೆರೆಯುವುದೇ ಇಲ್ಲ.

ಯಂತ್ರದೊಳಗೇ ಒಂದು ಪ್ರತಿ

ಅನೇಕ ಸಣ್ಣ ಲ್ಯಾಪ್‌ಟಾಪುಗಳ ಡಿಸ್ಕಿನ ಮರೆಯಾದ ಭಾಗದಲ್ಲಿ ಮೂಲ ವಿಂಡೋಸಿನ ಪೂರ್ತಿ ಪ್ರತಿ ಇರುತ್ತದೆ. ಯಂತ್ರ ಏಳುತ್ತಿರುವಾಗಲೇ ಅಸೂಸಿನಲ್ಲಿ ಎಫ್ 9, ಏಸರಿನಲ್ಲಿ ಆಲ್ಟ್ ಹಿಡಿದು ಎಫ್ 10, ಎಚ್‌ಪಿಯಲ್ಲಿ ಎಫ್ 11 ಒತ್ತಿ ನೋಡಿರಿ. ಆ ಭಾಗವನ್ನು ಯಾರೂ ಅಳಿಸಿರದಿದ್ದರೆ ಯಂತ್ರವನ್ನು ಕೊಂಡ ದಿನದ ಸ್ಥಿತಿಗೆ ತರಬಹುದು. ಡ್ರೈವರುಗಳೂ ಕೂಡಿಯೇ ಬರುತ್ತವೆ. ಇದರಿಂದಲೂ ನಿಮ್ಮ ಕಾಗದಪತ್ರ ಅಳಿಯುತ್ತದೆಂಬುದನ್ನು ಮರೆಯಬಾರದು. ಇದು ಫಲಿಸಿದರೆ ಮುಂದಿನ ಎರಡು ಭಾಗಗಳನ್ನು ಬಿಟ್ಟು, ಕನ್ನಡದ ವಿಷಯಕ್ಕೆ ಹೋಗಬಹುದು.

ವಿಂಡೋಸ್ ಹಾಕುವ ಕೆಲಸ

ಈ ಯಂತ್ರಗಳಿಗೆ ಡಿಸ್ಕು ಓದುವ ಬಾಗಿಲಿಲ್ಲ. ಯಾರಲ್ಲಾದರೂ ಯುಎಸ್‌ಬಿಯ ಹೊರ ಡಿವಿಡಿ ಡ್ರೈವ್ ಸಿಕ್ಕರೆ ಅದೇ ಸುಲಭ. ಇಲ್ಲವಾದರೆ 4 ಜಿಬಿಯ ಖಾಲಿ ಪೆನ್‌ಡ್ರೈವ್ ಸಾಕು. ಪೆನ್‌ಡ್ರೈವಿನಿಂದ ಹಾಕುವ ಏರ್ಪಾಡು ಎಕ್ಸ್‌ಪಿಯಲ್ಲಿ ಮೊದಲಿಗೆ ಇರಲಿಲ್ಲವಾದುದರಿಂದ ‘ವಿನ್ ಸೆಟಪ್ ಫ್ರಮ್ ಯುಎಸ್‌ಬಿ’ ಎಂಬ ಉಚಿತ ಪ್ರೋಗ್ರಾಮಿನ ಸಹಾಯ ಬೇಕು. ಡಿಸ್ಕು 2008ರ ಸರ್ವಿಸ್ ಪ್ಯಾಕ್ 3 ಸೇರಿರುವಂಥದ್ದಾದರೆ ಉತ್ತಮ.

ಚಾರ್ಜರನ್ನು ಹಚ್ಚಿಯೇ ಕೆಲಸಕ್ಕೆ ಕೂಡಬೇಕು. ಗುಂಡಿ ಒತ್ತಿದ ಕೂಡಲೇ ಏಸರ್, ಅಸೂಸ್, ಡೆಲ್‌ಗಳಲ್ಲಿ ಎಫ್ 2, ಎಚ್‌ಪಿಯಲ್ಲಿ ಎಫ್ 10 ಒತ್ತಿದರೆ ಬಯೋಸ್ ಎಂಬ ಮೂಲ ಪಟ್ಟಿ ತೆರೆಯುತ್ತದೆ. ಅಲ್ಲಿ ಎರಡು ಕೆಲಸ. ಒಂದು, ಬೂಟ್ ಕ್ರಮದಲ್ಲಿ ಯುಎಸ್‌ಬಿಯನ್ನು ಮೇಲಕ್ಕೆ ತರುವುದು. ಎರಡು, ಸಾಟಾ ಎಂಬ ಸಾಲಿನಲ್ಲಿ ಎಎಚ್‌ಸಿಐ ಎಂದಿದ್ದರೆ ಐಡಿಇ ಎಂದು ಬದಲಿಸುವುದು. ಆ ಸಾಲೇ ಇಲ್ಲದಿದ್ದರೆ ಚಿಂತೆ ಬೇಡ. ಎಕ್ಸ್‌ಪಿ ಹೊರಬಂದ ಮೇಲೆ ಎಎಚ್‌ಸಿಐ ಪದ್ಧತಿ ಬಂದದ್ದರಿಂದ ಅದರ ದುಭಾಷಿ ಡಿಸ್ಕಿನಲ್ಲಿಲ್ಲ. ಬದಲಿಸದೆ ಹೋದರೆ ನಡುವೆಯೇ ನೀಲಿ ಪರದೆ ಬಂದು, ಕೊನೆಯಲ್ಲಿ 7ಬಿ ಎಂಬ ಸಂಖ್ಯೆ ತೋರುತ್ತದೆ. ಇದನ್ನೇ ಕಂಡು ‘ಹಾರ್ಡ್ ಡಿಸ್ಕ್ ಸತ್ತಿದೆ’ ಎಂದು ಹೊಸ ಡಿಸ್ಕಿಗೆ ಹಣ ಕೀಳುವವರೂ ಇದ್ದಾರೆ, ಎಚ್ಚರ. ಒಮ್ಮೆ ಐಡಿಇಯಲ್ಲಿ ಹಾಕಿದ ಮೇಲೆ ಅದನ್ನು ಹಾಗೆಯೇ ಬಿಡಬೇಕು.

ಮುಂದೆ ಬರುವ ನೀಲಿ ಪರದೆಯಲ್ಲಿ ಎಂಟರ್ ಒತ್ತಿ, ಕರಾರಿಗೆ ಎಫ್ 8 ಒತ್ತಿದರೆ ಡಿಸ್ಕಿನ ಭಾಗಗಳ ಪಟ್ಟಿ ಕಾಣುತ್ತದೆ. ಇಲ್ಲಿ ಅವಸರ ಕೂಡದು. ನೀವು ಚುಚ್ಚಿರುವ ಪೆನ್‌ಡ್ರೈವೂ ಆ ಪಟ್ಟಿಯಲ್ಲಿರಬಹುದು. ಅಳತೆ ನೋಡಿ ಗುರುತಿಸಬೇಕು. 160 ಜಿಬಿ ಡಿಸ್ಕು ಅಲ್ಲಿ ಸುಮಾರು 1,52,600 ಎಂಬಿ ಎಂದು ತೋರುತ್ತದೆ. ಹಳೆಯ ಭಾಗವನ್ನು ಅಳಿಸಲು ಡಿ, ಹೊಸದನ್ನು ಮಾಡಲು ಸಿ. ಒಂದೇ ಭಾಗ ಮಾಡದೆ ಎರಡು ಮಾಡುವುದು ಜಾಣತನ: ಒಂದು ವಿಂಡೋಸಿಗೆ, ಇನ್ನೊಂದು ನಿಮ್ಮ ಕಾಗದಪತ್ರಕ್ಕೆ. ಮುಂದೆಂದಾದರೂ ವಿಂಡೋಸ್ ಕೆಟ್ಟರೆ ಮೊದಲ ಭಾಗವನ್ನಷ್ಟೇ ಒರೆಸಿದರಾಯಿತು. ಬಳಿಕ ಎನ್‌ಟಿಎಫ್‌ಎಸ್ ಫಾರ್ಮ್ಯಾಟನ್ನು ಆರಿಸಿರಿ. ಯಂತ್ರ ಒಮ್ಮೆ ಆರಿ ಮತ್ತೆ ಏಳುತ್ತದೆ. ಆಗ ಪೆನ್‌ಡ್ರೈವಿನ ಪಟ್ಟಿಯಲ್ಲಿ ‘ಎರಡನೆಯ ಭಾಗ’ವನ್ನು ಆರಿಸಬೇಕು. ಮತ್ತೆ ಮೊದಲನೆಯದನ್ನೇ ಆರಿಸಿದರೆ ಕೆಲಸ ಮೊದಲಿನಿಂದ ಪ್ರಾರಂಭವಾಗುತ್ತದೆ. ಚೀಟಿಯ ಕೀಲಿಯನ್ನು ಕೇಳಿದಾಗ ತಪ್ಪಿಲ್ಲದೆ ತುಂಬಿರಿ. ಹಾಕಿದ 30 ದಿನಗಳೊಳಗೆ ಆ ಕೀಲಿಯನ್ನು ಮೈಕ್ರೋಸಾಫ್ಟಿನಲ್ಲಿ ದೃಢಪಡಿಸಿಕೊಳ್ಳಬೇಕೆಂಬುದು ಎಕ್ಸ್‌ಪಿಯ ನಿಯಮ.

ಡ್ರೈವರುಗಳ ಸರದಿ

ಹೊಸದಾಗಿ ಎದ್ದ ವಿಂಡೋಸಿನಲ್ಲಿ ಅಕ್ಷರಗಳು ದಪ್ಪಗೆ, ಚಿತ್ರಗಳು ಮಬ್ಬಾಗಿ ಕಂಡರೆ ಹೆದರಬೇಡಿ. ಪರದೆಯ ದುಭಾಷಿ ಇನ್ನೂ ಬಂದಿಲ್ಲ. ಸ್ಟಾರ್ಟ್, ರನ್ ಒತ್ತಿ ‘ಡಿಇವಿಎಂಜಿಎಂಟಿ ಡಾಟ್ ಎಂಎಸ್‌ಸಿ’ ಎಂದು ಇಂಗ್ಲಿಷಿನಲ್ಲಿ ಬರೆದರೆ ಡಿವೈಸ್ ಮ್ಯಾನೇಜರ್ ತೆರೆಯುತ್ತದೆ. ಹಳದಿ ಗುರುತುಳ್ಳವೆಲ್ಲ ಡ್ರೈವರಿಗಾಗಿ ಕಾದಿರುವ ಭಾಗಗಳು.

ಸರದಿ ಹೀಗಿರಲಿ. ಮೊದಲು ಚಿಪ್‌ಸೆಟ್, ಉಳಿದ ಭಾಗಗಳೆಲ್ಲ ಅದರ ಮೂಲಕವೇ ಮಾತಾಡಬೇಕಾದುದರಿಂದ ಅದಕ್ಕೆ ಅಗ್ರಸ್ಥಾನ. ಎರಡನೆಯದು ಪರದೆ, ಎನ್ 270ರ ಯಂತ್ರಗಳಲ್ಲಿ ಅದು ಹೆಚ್ಚಾಗಿ ಇಂಟೆಲಿನ ಜಿಎಂಎ 950. ಇದು ಕೂತ ಮೇಲೆ 1024ಕ್ಕೆ 600ರ ಅಳತೆ ಸಿಕ್ಕಿ ಪರದೆ ತಿಳಿಯಾಗುತ್ತದೆ. ಆಮೇಲೆ ನೆಟ್‌ವರ್ಕ್, ಧ್ವನಿ, ಕೊನೆಗೆ ಟಚ್‌ಪ್ಯಾಡು. ಒಂದೊಂದಾದ ಮೇಲೂ ಯಂತ್ರವನ್ನು ಆರಿಸಿ ಎಬ್ಬಿಸುವುದು ಲೇಸು. ಯಾವುದರಿಂದ ತೊಂದರೆಯಾಯಿತೆಂಬುದು ಆಗ ತಿಳಿಯುತ್ತದೆ. ಧ್ವನಿಯ ಡ್ರೈವರು ಕೂರದೆ ಹಟ ಮಾಡಿದರೆ ಸರ್ವಿಸ್ ಪ್ಯಾಕ್ 3 ಇದೆಯೇ ನೋಡಿರಿ. ಅದಕ್ಕೆ ಬೇಕಾದ ಆಧಾರ ಆ ಪ್ಯಾಕಿನಲ್ಲಿದೆ.

ಹೆಸರಿಲ್ಲದ ಭಾಗವೊಂದು ಉಳಿದರೆ ಅದರ ಪ್ರಾಪರ್ಟೀಸ್‌ನಲ್ಲಿ ಡೀಟೇಲ್ಸ್ ಎಂಬ ಪುಟವನ್ನು ತೆರೆಯಿರಿ. ‘ವಿಇಎನ್’ ಎಂಬ ಅಕ್ಷರಗಳ ಮುಂದಿನ ನಾಲ್ಕು ಅಂಕಿಗಳೇ ತಯಾರಕನ ಗುರುತು: 8086 ಇಂಟೆಲ್, 10ಇಸಿ ರಿಯಲ್‌ಟೆಕ್, 168ಸಿ ಅಥೆರೋಸ್, 14ಇ4 ಬ್ರಾಡ್‌ಕಾಮ್. ಗೋತ್ರ ತಿಳಿದ ಮೇಲೆ ಮನೆ ಹುಡುಕುವುದು ಕಷ್ಟವಲ್ಲ.

ಕನ್ನಡ ಕಾಣಬೇಕಾದರೆ

ಎಕ್ಸ್‌ಪಿಯಲ್ಲಿ ‘ತುಂಗಾ’ ಎಂಬ ಕನ್ನಡ ಅಕ್ಷರವಿನ್ಯಾಸ ಇದ್ದರೂ, ಏರ್ಪಾಡು ಮಾಡದೆ ಒತ್ತಕ್ಷರಗಳು ಚೆದರಿ ಕಾಣುತ್ತವೆ. ಕಂಟ್ರೋಲ್ ಪ್ಯಾನೆಲಿನಲ್ಲಿ ರೀಜನಲ್ ಆ್ಯಂಡ್ ಲ್ಯಾಂಗ್ವೇಜ್ ಆಪ್ಷನ್ಸ್, ಅದರಲ್ಲಿ ಲ್ಯಾಂಗ್ವೇಜಸ್ ಪುಟಕ್ಕೆ ಹೋಗಿ, ಕಾಂಪ್ಲೆಕ್ಸ್ ಸ್ಕ್ರಿಪ್ಟ್ ಎಂದಿರುವ ಸಾಲಿಗೆ ಗುರುತು ಹಾಕಬೇಕು. ಮೂಲ ಡಿಸ್ಕನ್ನು ಕೇಳಿದರೆ ಕೊಡಬೇಕು. ವಿಂಡೋಸ್ 7ರಲ್ಲಿ ಈ ತಾಪತ್ರಯವಿಲ್ಲ.

ಹಣದ ವ್ಯವಹಾರ ಮಾತ್ರ ಕೂಡದು

ಇಷ್ಟು ಓದಿದವರು ಈ ಭಾಗವನ್ನು ಬಿಡಬಾರದು. ವ್ಯವಸ್ಥೆಯಲ್ಲಿ ಕಳ್ಳರು ನುಗ್ಗುವ ಕಿಂಡಿ ಕಂಡಾಗಲೆಲ್ಲ ಮೈಕ್ರೋಸಾಫ್ಟು ಅದಕ್ಕೆ ತೇಪೆ ಹಾಕುತ್ತದೆ. ಎಕ್ಸ್‌ಪಿಗೆ ಆ ಸೇವೆ 2014ರ ಏಪ್ರಿಲ್ 8ಕ್ಕೂ, ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೂ ನಿಂತಿತು. 2017ರ ಮೇ ತಿಂಗಳಲ್ಲಿ ‘ವಾನಾಕ್ರೈ’ ಎಂಬ ದುಷ್ಟ ಪ್ರೋಗ್ರಾಮು ಲೋಕದಾದ್ಯಂತ ಹರಡಿ, ಕಂಪ್ಯೂಟರುಗಳ ಕಾಗದಪತ್ರಕ್ಕೆ ಬೀಗ ಜಡಿದು ಒತ್ತೆಹಣ ಕೇಳಿತು. ತೇಪೆ ಹಾಕಿಸಿಕೊಳ್ಳದ ಯಂತ್ರಗಳೇ ಅದರ ಬಾಯಿಗೆ ಬಿದ್ದವು. ಕ್ರೋಮ್ ಬ್ರೌಸರ್ ಕೂಡ ಎಕ್ಸ್‌ಪಿಯನ್ನು 2016ರಲ್ಲಿ, ವಿಂಡೋಸ್ 7ನ್ನು 2023ರಲ್ಲಿ ಕೈಬಿಟ್ಟಿತು.

ಆದುದರಿಂದ ಬ್ಯಾಂಕು, ಪ್ರಾವಿಡೆಂಟ್ ಫಂಡ್, ರೈಲ್ವೆ ಟಿಕೀಟು, ಆಧಾರ್ ಮುಂತಾದ ಯಾವ ವ್ಯವಹಾರವನ್ನೂ ಈ ಯಂತ್ರದಲ್ಲಿ ಮಾಡಲಾಗದು, ಗುಪ್ತಪದಗಳನ್ನು ಬರೆದಿಡಲೂ ಬಾರದು. ಕೀಲಿಯ ಕೆಲಸ ಮುಗಿದ ಮೇಲೆ ವೈ-ಫೈಯನ್ನು ಆರಿಸಿಯೇ ಇಡುವುದು ಕ್ಷೇಮ. ಊರಿಗೆ ಕಳಿಸಬೇಕಾದ ತಿಂಗಳ ಹಣ ಒಂದು ಕ್ಷಣದಲ್ಲಿ ಪರರ ಪಾಲಾದರೆ, ಉಳಿಸಿದ ಯಂತ್ರದಿಂದ ಏನು ಸುಖ?

ಇಂಟರ್‌ನೆಟ್ ಬೇಕೇ ಬೇಕೆನ್ನುವವರಿಗೆ ಉಚಿತವಾದ ಲಿನಕ್ಸ್ ವ್ಯವಸ್ಥೆಗಳಿವೆ. ಆದರೆ ಎನ್ 270 ಪ್ರೊಸೆಸರು 32 ಬಿಟ್ಟಿನದು. ಅಂಥವನ್ನು ಒಂದೊಂದಾಗಿ ಎಲ್ಲರೂ ಬಿಡುತ್ತಿದ್ದಾರೆ. 2025ರಲ್ಲಿ ಬಂದ ಡೆಬಿಯನ್ 13ನ್ನು ಇವುಗಳಲ್ಲಿ ಹೊಸದಾಗಿ ಹಾಕಲು ಬರುವುದಿಲ್ಲ. 32 ಬಿಟ್ಟಿನ ಆವೃತ್ತಿ ಇದೆಯೇ ಎಂದು ನೋಡಿಯೇ ಆರಿಸಬೇಕು.

ಇಂಟರ್‌ನೆಟ್ಟಿಲ್ಲದೆಯೂ ಈ ಯಂತ್ರ ಮಾಡುವ ಕೆಲಸ ಬಹಳ. ಅರ್ಜಿ ಬರೆಯಬಹುದು, ಚೀಟಿ ಫಂಡಿನ ಲೆಕ್ಕ ಇಡಬಹುದು, ಹಾಡು ಕೇಳಬಹುದು. ಮಕ್ಕಳು ಬೆರಳಚ್ಚು ಕಲಿಯಬಹುದು, ಕನ್ನಡ ಶಾಲೆಯಿಲ್ಲದ ಊರಿನಲ್ಲಿ ಕನ್ನಡ ಬರೆಯುವುದನ್ನೂ ಕಲಿಯಬಹುದು. ಇಷ್ಟಕ್ಕಾಗಿ ಸಾಲ ಮಾಡಿ ಹೊಸದು ಕೊಳ್ಳಬೇಕಾಗಿಲ್ಲ.

ಸ್ವತಃ ಮಾಡಲು ಧೈರ್ಯ ಸಾಲದವರು ಭಾನುವಾರ ಬೆಳಿಗ್ಗೆ ಯಂತ್ರ, ಚಾರ್ಜರು ಮತ್ತು ಒಂದು ಖಾಲಿ ಪೆನ್‌ಡ್ರೈವಿನೊಡನೆ ವಾಚನಾಲಯಕ್ಕೆ ಬರಬಹುದು. ಇದಕ್ಕೆ ಯಾವ ಶುಲ್ಕವೂ ಇಲ್ಲ. ಕಾಗದಪತ್ರದ ನಕಲನ್ನು ಮಾತ್ರ ಮನೆಯಲ್ಲೇ ಮಾಡಿಕೊಂಡು ಬರತಕ್ಕದ್ದು.